ವ್ಲಾದಿಮಿರ್ ವೈಸ್: ಆರು ಪಾಯಿಂಟ್ ತಂದ ಕೋಚ್, ಎಂಟೂ ಸೋತ ಕೋಚ್

ಮೈದಾನದಂಚು

ಯುರೋಪಿನ ಸಣ್ಣ ದೇಶಗಳ ಫುಟ್‌ಬಾಲ್ ಬಗ್ಗೆ ಇಲ್ಲಿ ಮಾತು ಬಂದಾಗಲೆಲ್ಲ ಕ್ರೊಯೇಷಿಯಾ, ಐಸ್‌ಲ್ಯಾಂಡ್ ಅಷ್ಟೇ. ಇವತ್ತು ಸ್ಲೊವಾಕಿಯಾದ ಒಬ್ಬ ಕೋಚ್ ಬಗ್ಗೆ ಚರ್ಚೆ ಶುರು ಮಾಡೋಣ ಅನ್ನಿಸಿತು. ಹೆಸರು ವ್ಲಾದಿಮಿರ್ ವೈಸ್. 1964ರಲ್ಲಿ ಬ್ರಾಟಿಸ್ಲಾವಾದಲ್ಲಿ ಹುಟ್ಟಿದವರು. ಮೊದಲು ಮಿಡ್‌ಫೀಲ್ಡರ್, ಆಮೇಲೆ ಕೋಚ್.

ಒಂದು ಲೆಕ್ಕ ನೋಡಿ. ಯುರೋಪಿನ ಕ್ಲಬ್‌ಗಳ ಅತಿ ದೊಡ್ಡ ಟೂರ್ನಿ ಚಾಂಪಿಯನ್ಸ್ ಲೀಗ್‌ನ ಮುಖ್ಯ ಹಂತಕ್ಕೆ ಇದುವರೆಗೆ ಸ್ಲೊವಾಕಿಯಾದಿಂದ ಹೋದದ್ದು ನಾಲ್ಕೇ ಕ್ಲಬ್. 1997ರಲ್ಲಿ ಕೊಶಿತ್ಸೆ ಆಡಿದ ಆರೂ ಪಂದ್ಯ ಸೋತಿತು. 2010ರಲ್ಲಿ ಝಿಲಿನಾ ಕೂಡ ಆರಕ್ಕೆ ಆರು ಸೋಲು. 2024-25ರಲ್ಲಿ ಸ್ಲೊವಾನ್ ಬ್ರಾಟಿಸ್ಲಾವಾ ಎಂಟಕ್ಕೆ ಎಂಟು ಸೋಲು. ಪಾಯಿಂಟ್ ತಂದ ಕ್ಲಬ್ ಒಂದೇ, 2005-06ರ ಆರ್ಟ್‌ಮೀಡಿಯಾ. ಆರು ಪಂದ್ಯದಲ್ಲಿ ಆರು ಪಾಯಿಂಟ್.

ಆ ಆರ್ಟ್‌ಮೀಡಿಯಾದ ಕೋಚ್ ವೈಸ್. ಎಂಟೂ ಸೋತ ಸ್ಲೊವಾನ್‌ನ ಕೋಚ್ ಕೂಡ ವೈಸ್ ಅವರೇ!

ನಡುವೆ ಹತ್ತೊಂಬತ್ತು ವರ್ಷ. ಅಷ್ಟರಲ್ಲಿ ತನ್ನ ದೇಶವನ್ನು ವಿಶ್ವಕಪ್‌ಗೆ ಕರೆದೊಯ್ದರು, ರಷ್ಯಾ, ಕಝಾಕಿಸ್ತಾನ್, ಜಾರ್ಜಿಯಾ ಸುತ್ತಿ ಬಂದರು. ನನ್ನ ಪ್ರಕಾರ ಕಳೆದ 25 ವರ್ಷದಲ್ಲಿ ಆ ದೇಶ ಕೊಟ್ಟ ಅತಿ ದೊಡ್ಡ ಕೋಚ್ ಇವರು. ಒಪ್ಪದವರು ಇದ್ದರೆ ಬರೆಯಿರಿ.

ಧಾರವಾಡ_ಸ್ಟ್ರೈಕರ್

ನಾನು ಒಪ್ಪುವುದಿಲ್ಲ ಸರ್. ಆರ್ಟ್‌ಮೀಡಿಯಾ ಕತೆ ಚೆಂದ ಇದೆ, ಆದರೆ ಅದು ಒಂದು ಸೀಸನ್. ಸ್ಲೊವಾನ್ ಸ್ಲೊವಾಕಿಯಾದಲ್ಲಿ ಎಲ್ಲರಿಗಿಂತ ದುಡ್ಡಿರುವ ಕ್ಲಬ್. ವೈಸ್ ಬರುವ ಮೊದಲೇ 2019, 2020, 2021ರಲ್ಲಿ ಲೀಗ್ ಗೆದ್ದಿತ್ತು. ಅಂಥ ತಂಡ ಹಿಡಿದು ಮತ್ತೆ ಲೀಗ್ ಗೆಲ್ಲುವುದನ್ನು ಎಷ್ಟರ ಮಟ್ಟಿಗೆ ಸಾಧನೆ ಅನ್ನಬೇಕು? ಯುರೋಪಿನಲ್ಲಿ ನಿಜವಾದ ಪರೀಕ್ಷೆ ಬಂದಾಗ ಏನಾಯಿತು ನೋಡಿ. ಸೆಲ್ಟಿಕ್ ವಿರುದ್ಧ 1-5, ಮ್ಯಾಂಚೆಸ್ಟರ್ ಸಿಟಿ ವಿರುದ್ಧ 0-4, ಡೈನಮೊ ಝಾಗ್ರೆಬ್ ವಿರುದ್ಧ 1-4. ಒಟ್ಟು ಹೊಡೆದದ್ದು 7, ತಿಂದದ್ದು 27. ಸಿಟಿ, ಬಯರ್ನ್ ಕೈಯಲ್ಲಿ ಸೋತರೆ ಯಾರೂ ಏನೂ ಅನ್ನುವುದಿಲ್ಲ. ತವರು ಮೈದಾನದಲ್ಲಿ ಝಾಗ್ರೆಬ್ ವಿರುದ್ಧ, ಹೊರಗೆ ಜಿರೋನಾ ವಿರುದ್ಧ ಒಂದು ಡ್ರಾ ಕೂಡ ಬರಲಿಲ್ಲ ಅಂದರೆ ಕೋಚ್‌ನ ಯೋಜನೆ ಬಗ್ಗೆ ಪ್ರಶ್ನೆ ಕೇಳಲೇಬೇಕು, ಅಲ್ವಾ?

ಮೈದಾನದಂಚು

ಕೇಳಬೇಕಾದ ಪ್ರಶ್ನೆಯೇ. ಆದರೆ 2005 ಅನ್ನು "ಒಂದು ಸೀಸನ್" ಅಂತ ಪಕ್ಕಕ್ಕೆ ಇಡಬೇಡಿ. ಅದನ್ನು ಬಿಡಿಸಿ ನೋಡಿದರೆ ಮಾತ್ರ ಈ ಮನುಷ್ಯ ಅರ್ಥವಾಗುತ್ತಾರೆ.

ಪೆಟ್ರ್‌ಜಲ್ಕಾ ಅನ್ನುವುದು ಬ್ರಾಟಿಸ್ಲಾವಾದಲ್ಲಿ ಡ್ಯಾನ್ಯೂಬ್ ನದಿಯ ಆಚೆ ದಡದ ಬಡಾವಣೆ. ಕಮ್ಯುನಿಸ್ಟ್ ಕಾಲದಲ್ಲಿ ಕಟ್ಟಿದ ಕಾಂಕ್ರೀಟ್ ಅಪಾರ್ಟ್‌ಮೆಂಟುಗಳ ಸಾಲು. ಅಲ್ಲಿನ ಕ್ಲಬ್ ಆರ್ಟ್‌ಮೀಡಿಯಾ. ಅದರ ಸ್ವಂತ ಮೈದಾನ ಯುರೋಪಿನ ಪಂದ್ಯಗಳಿಗೆ ಸಾಲುತ್ತಿರಲಿಲ್ಲ. ಹಾಗಾಗಿ ನದಿಯ ಈಚೆ ಇದ್ದ ತೆಹೆಲ್ನೆ ಪೋಲೆಯಲ್ಲಿ, ಅಂದರೆ ಎದುರಾಳಿ ಸ್ಲೊವಾನ್‌ನ ಮನೆಯಲ್ಲಿ, ಹೋಗಿ ಆಡಿದರು. ಆಟಗಾರರೂ ಬಹುಪಾಲು ಸ್ಥಳೀಯ ಲೀಗ್‌ನವರು. ದೊಡ್ಡ ದುಡ್ಡು ಕೊಟ್ಟು ತಂದ ಹೆಸರು ಒಂದೂ ಇಲ್ಲ. 2004ರಲ್ಲಿ ಸ್ಲೊವಾಕ್ ಕಪ್, 2005ರಲ್ಲಿ ಕ್ಲಬ್‌ನ ಮೊದಲ ಲೀಗ್ ಪ್ರಶಸ್ತಿ. ಅದರ ಮೇಲೆ ಚಾಂಪಿಯನ್ಸ್ ಲೀಗ್ ಕ್ವಾಲಿಫೈಯರ್.

ಮೊದಲ ಸುತ್ತಿನಲ್ಲೇ ಕತೆ ಮುಗಿಯಬೇಕಿತ್ತು. ಕಝಾಕಿಸ್ತಾನದ ಕೈರಾತ್ ವಿರುದ್ಧ ಅಲ್ಮಾಟಿಯಲ್ಲಿ 0-2 ಸೋಲು. ವಾಪಸ್ ಬಂದು ಎಕ್ಸ್‌ಟ್ರಾ ಟೈಮ್‌ವರೆಗೆ ಎಳೆದು 4-1 ಗೆದ್ದರು. ಆಮೇಲೆ ಸ್ಕಾಟ್ಲೆಂಡಿನ ಸೆಲ್ಟಿಕ್. ಅದು ಗಾರ್ಡನ್ ಸ್ಟ್ರಾಕನ್ ಅವರು ಸೆಲ್ಟಿಕ್ ಮ್ಯಾನೇಜರ್ ಆಗಿ ಆಡಿಸಿದ ಮೊದಲ ಅಧಿಕೃತ ಪಂದ್ಯ. ಬ್ರಾಟಿಸ್ಲಾವಾದಲ್ಲಿ ಫಲಿತಾಂಶ 5-0! ಯುರಾಯ್ ಹಲೆನಾರ್ ಹ್ಯಾಟ್ರಿಕ್. ಎರಡು ವರ್ಷದ ಹಿಂದಷ್ಟೇ ಯುಇಎಫ್‌ಎ ಕಪ್ ಫೈನಲ್ ಆಡಿದ್ದ ಕ್ಲಬ್ ಸೆಲ್ಟಿಕ್. ಗ್ಲಾಸ್ಗೋದಲ್ಲಿ ಎರಡನೇ ಲೆಗ್‌ನಲ್ಲಿ ಸೆಲ್ಟಿಕ್ 4-0 ಮಾಡಿತು. ಇನ್ನೊಂದು ಗೋಲು ಬಿದ್ದಿದ್ದರೆ ಎಕ್ಸ್‌ಟ್ರಾ ಟೈಮ್. ಬೀಳಲಿಲ್ಲ. 5-4ರಲ್ಲಿ ಪಾರಾದರು. ನಂತರ ಪಾರ್ಟಿಜಾನ್ ಬೆಲ್‌ಗ್ರೇಡ್. ಎರಡೂ ಪಂದ್ಯ 0-0. ಬೆಲ್‌ಗ್ರೇಡ್‌ನಲ್ಲಿ ಪೆನಾಲ್ಟಿ ಶೂಟೌಟ್‌ನಲ್ಲಿ ಗೆಲುವು.

ಗುಂಪಿನಲ್ಲಿ ಇಟಲಿಯ ಇಂಟರ್, ಸ್ಕಾಟ್ಲೆಂಡಿನ ರೇಂಜರ್ಸ್, ಪೋರ್ಚುಗಲ್‌ನ ಪೋರ್ಟೊ. ಪೋರ್ಟೊ ಒಂದು ವರ್ಷದ ಹಿಂದೆ ಯುರೋಪಿನ ಚಾಂಪಿಯನ್. ಅವರದೇ ಮೈದಾನದಲ್ಲಿ ಆರ್ಟ್‌ಮೀಡಿಯಾ 0-2 ಹಿಂದೆ ಬಿತ್ತು. ವಿರಾಮಕ್ಕೆ ಸ್ವಲ್ಪ ಮೊದಲು ಪೆಟ್ರಾಶ್ ಒಂದು ಗೋಲು. ಆಮೇಲೆ ಕೊಜಾಕ್. ಆಮೇಲೆ ಬೊರ್ಬೆಲಿ. 3-2!

ಇನ್ನೂ ಜಾಸ್ತಿ ಜನಕ್ಕೆ ಗೊತ್ತಿಲ್ಲದ ಮಾತು ಒಂದಿದೆ. ಕೊನೆಯ ದಿನ ಬ್ರಾಟಿಸ್ಲಾವಾದಲ್ಲಿ ಪೋರ್ಟೊ ವಿರುದ್ಧ ಗೆದ್ದಿದ್ದರೆ ಆರ್ಟ್‌ಮೀಡಿಯಾ ಎರಡನೇ ಸ್ಥಾನಕ್ಕೆ ಏರಿ ನಾಕೌಟ್‌ಗೆ ಹೋಗುತ್ತಿತ್ತು. 0-0 ಆಯಿತು. ರೇಂಜರ್ಸ್ 7 ಪಾಯಿಂಟ್, ಆರ್ಟ್‌ಮೀಡಿಯಾ 6, ಪೋರ್ಟೊ 5. ಪೋರ್ಟೊ ಕೊನೆಯ ಸ್ಥಾನ! ಒಂದೇ ಒಂದು ಗೋಲು ಬೇಕಿತ್ತು.

ಸುಜಾತಾ_ಕೆ

ಒಳ್ಳೆಯ ಬರಹ. ನನಗೆ ಈ ಮನೆತನದ ಕತೆಯೇ ಹೆಚ್ಚು ಇಷ್ಟ. ಮೂರು ತಲೆಮಾರು, ಮೂವರ ಹೆಸರೂ ವ್ಲಾದಿಮಿರ್ ವೈಸ್, ಮೂವರೂ ರಾಷ್ಟ್ರೀಯ ತಂಡಕ್ಕೆ ಆಡಿದವರು.

ಅಪ್ಪ 1939ರಲ್ಲಿ ಹುಟ್ಟಿದವರು, ಡಿಫೆಂಡರ್. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಚೆಕೊಸ್ಲೊವಾಕಿಯಾಕ್ಕೆ ಬೆಳ್ಳಿ ಬಂತಲ್ಲ, ಆ ತಂಡದಲ್ಲಿದ್ದರು. ಫೈನಲ್‌ನಲ್ಲಿ ಹಂಗೇರಿ 2-1ರಿಂದ ಗೆದ್ದಿತು. ಹಂಗೇರಿಯ ಮೊದಲ ಗೋಲು ಇವರ ಕಾಲಿನಿಂದಲೇ ಸ್ವಂತ ಬಲೆಗೆ ಹೋದದ್ದು. ಪಾಪ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ, ಟೋಕಿಯೊ ಕ್ರೀಡೆಗಳಿಗೆ ಕೆಲವೇ ವಾರ ಮೊದಲು, ನಮ್ಮ ಚರ್ಚೆಯ ವೈಸ್ ಹುಟ್ಟಿದರು.

ಇವರು ಅಪ್ಪ ಆಡಿದ್ದ ಇಂಟರ್ ಬ್ರಾಟಿಸ್ಲಾವಾದಲ್ಲೇ ಬೆಳೆದರು. 1990ರ ಇಟಲಿ ವಿಶ್ವಕಪ್‌ಗೆ ಹೋದ ಚೆಕೊಸ್ಲೊವಾಕಿಯಾ ತಂಡದಲ್ಲಿದ್ದರು. ಆ ತಂಡ ಕ್ವಾರ್ಟರ್‌ಫೈನಲ್‌ವರೆಗೆ ಹೋಗಿ ಪಶ್ಚಿಮ ಜರ್ಮನಿಗೆ 0-1 ಸೋತಿತು. ಆಗಿನ ಕೋಚ್ ಯೋಜೆಫ್ ವೆಂಗ್ಲೋಶ್ ಕೂಡ ಸ್ಲೊವಾಕ್. 1993ರಲ್ಲಿ ದೇಶ ಎರಡಾದ ಮೇಲೆ ವೈಸ್ ಸ್ಲೊವಾಕಿಯಾದ ಜೆರ್ಸಿಯನ್ನೂ ಹಾಕಿದರು. ಆಟಗಾರನಾಗಿ ಒಳ್ಳೆಯವರು, ಆದರೆ ಆಮೇಲಿನ ಸ್ಲೊವಾಕ್ ಮಿಡ್‌ಫೀಲ್ಡರ್ ಹಮ್ಶಿಕ್ ಥರ ದೇಶದಾಚೆಗೆ ಹೆಸರಾದವರಲ್ಲ. ಪಶ್ಚಿಮ ಯುರೋಪಿನ ದೊಡ್ಡ ಕ್ಲಬ್‌ನಲ್ಲಿ ಆಡಲಿಲ್ಲ. ಹೆಸರು ಬಂದದ್ದೆಲ್ಲ ಕೋಚಿಂಗ್‌ನಿಂದ.

ಮಗ 1989ರವನು. ಮ್ಯಾಂಚೆಸ್ಟರ್ ಸಿಟಿ ಯುವ ತಂಡದಲ್ಲಿ ಬೆಳೆದ ವಿಂಗರ್. 2010ರ ವಿಶ್ವಕಪ್‌ನಲ್ಲಿ ಅಪ್ಪನ ಕೈಕೆಳಗೆ ಆಡಿದ. ಆಮೇಲೆ ಸ್ಲೊವಾನ್‌ನಲ್ಲಿ ಮತ್ತೆ ಅಪ್ಪನ ಕೈಕೆಳಗೆ.

ಧಾರವಾಡ_ಸ್ಟ್ರೈಕರ್

ಸುಜಾತಾ ಮೇಡಂ, ಮಗನನ್ನು ತಂಡಕ್ಕೆ ತೆಗೆದುಕೊಂಡದ್ದಕ್ಕೆ ಟೀಕೆ ಬರಲಿಲ್ಲವೇ? ನಮ್ಮಲ್ಲಾಗಿದ್ದರೆ ಮೊದಲ ದಿನವೇ ಗಲಾಟೆ.

ಸುಜಾತಾ_ಕೆ

ಅಂಥ ಪ್ರಶ್ನೆ ಎಲ್ಲಿಯಾದರೂ ಏಳುತ್ತದೆ. ಆದರೆ ಹುಡುಗನಲ್ಲಿ ಆಟ ಇತ್ತು. ಒಬ್ಬ ಡಿಫೆಂಡರ್‌ನನ್ನು ಎದುರಿಗೆ ನಿಲ್ಲಿಸಿಕೊಂಡು ದಾಟುವ ಚುರುಕು ಆ ತಂಡದಲ್ಲಿ ಅವನಿಗೆ ಮತ್ತು ಸ್ಟೋಖ್‌ಗೆ ಬಿಟ್ಟರೆ ಬೇರೆಯವರಿಗೆ ಕಡಿಮೆ. ಅಪ್ಪ ರಾಷ್ಟ್ರೀಯ ತಂಡ ಬಿಟ್ಟ ಮೇಲೂ ಬೇರೆ ಕೋಚ್‌ಗಳು ಅವನನ್ನು ಕರೆದರು. 2016ರ ಯೂರೋದಲ್ಲಿ (ಯುರೋಪಿನ ದೇಶಗಳ ಚಾಂಪಿಯನ್‌ಶಿಪ್) ರಷ್ಯಾ ವಿರುದ್ಧ ಒಂದು ಗೋಲು ಹೊಡೆದು, ಇನ್ನೊಂದನ್ನು ಹಮ್ಶಿಕ್‌ಗೆ ಕೊಟ್ಟು ಪಂದ್ಯ ಗೆಲ್ಲಿಸಿದ. ಆಗ ಕೋಚ್ ಯಾನ್ ಕೊಜಾಕ್. ಪೋರ್ಟೊದಲ್ಲಿ ಎರಡನೇ ಗೋಲು ಹೊಡೆದ ಕೊಜಾಕ್ ಇದ್ದಾನಲ್ಲ, ಅವನ ಅಪ್ಪ. ಸಣ್ಣ ದೇಶದಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಹೀಗೆ ಬೇಕಾದವರೇ ಆಗಿರುತ್ತಾರೆ.

ಕೋಲಾರ_ನಂ10

2010ರ ಇಟಲಿ ಪಂದ್ಯದ ಬಗ್ಗೆ ಯಾರೂ ಬರೆಯಲಿಲ್ಲ! ಜೂನ್ 24, ನಮಗೆ ಸಂಜೆ ಏಳೂವರೆ ಗಂಟೆ. ಟಿವಿಯಲ್ಲಿ ನೋಡಿದವರಿಗೆ ಮರೆಯಲು ಸಾಧ್ಯವೇ ಇಲ್ಲ.

ಅಲ್ಲಿಗೆ ಹೋದದ್ದೇ ದೊಡ್ಡ ಮಾತು. ಅರ್ಹತಾ ಗುಂಪಿನಲ್ಲಿ ಪೋಲೆಂಡ್, ಸ್ಲೊವೇನಿಯಾ, ಉತ್ತರ ಐರ್ಲೆಂಡ್, ಸ್ಯಾನ್ ಮರೀನೊ, ಜೊತೆಗೆ ಚೆಕ್ ಗಣರಾಜ್ಯ. ಚೆಕ್‌ಗಳು ಮೇಲೆ, ಸ್ಲೊವಾಕ್‌ಗಳು ಕೆಳಗೆ ಅನ್ನುವುದೇ ಹಳೇ ಲೆಕ್ಕ. ಆ ಸಲ ಸ್ಲೊವಾಕಿಯಾ ಗುಂಪಿನಲ್ಲಿ ಮೊದಲ ಸ್ಥಾನ. ಕೊನೆಯ ಪಂದ್ಯ 2009ರ ಅಕ್ಟೋಬರ್‌ನಲ್ಲಿ ಪೋಲೆಂಡಿನ ಹೊಝೂಫ್‌ನಲ್ಲಿ, ಸುರಿಯುವ ಹಿಮದಲ್ಲಿ. ಪೋಲೆಂಡ್ ಡಿಫೆಂಡರ್‌ನ ಸ್ವಂತ ಗೋಲಿನಿಂದ 1-0. ಸ್ವತಂತ್ರ ಸ್ಲೊವಾಕಿಯಾದ ಮೊದಲ ವಿಶ್ವಕಪ್. 2025ರವರೆಗೂ ಅದೊಂದೇ.

ದಕ್ಷಿಣ ಆಫ್ರಿಕಾದಲ್ಲಿ ಶುರು ಸರಿ ಇರಲಿಲ್ಲ. ನ್ಯೂಜಿಲೆಂಡ್ ವಿರುದ್ಧ ಇಂಜುರಿ ಟೈಮ್‌ನಲ್ಲಿ ಗೋಲು ತಿಂದು 1-1. ಪರಾಗ್ವೆಗೆ 0-2 ಸೋಲು. ಊರಲ್ಲಿ ಪತ್ರಿಕೆಗಳು ಬೈದವು, ವೈಸ್ ಕೂಡ ಪತ್ರಕರ್ತರ ಮೇಲೆ ಸಿಡುಕಿದರು. ಆಮೇಲೆ ಜೋಹಾನ್ಸ್‌ಬರ್ಗ್‌ನ ಎಲಿಸ್ ಪಾರ್ಕ್. ಎದುರಿಗೆ ಹಾಲಿ ಚಾಂಪಿಯನ್ ಇಟಲಿ, ಕೋಚ್ ಮಾರ್ಚೆಲ್ಲೊ ಲಿಪ್ಪಿ.

ಅವತ್ತು ಸ್ಲೊವಾಕಿಯಾ ಹಿಂದೆ ಕೂತು ಆಡಲಿಲ್ಲ. ಮೊದಲ ನಿಮಿಷದಿಂದ ಇಟಲಿಯ ಮಿಡ್‌ಫೀಲ್ಡ್ ಮೇಲೆ ಬಿದ್ದರು. ಇಟಲಿ ತನ್ನ ಜಾಗದಲ್ಲೇ ಚೆಂಡು ಕಳೆದುಕೊಂಡಿತು, 25ನೇ ನಿಮಿಷದಲ್ಲಿ ವಿಟ್ಟೆಕ್ ಗೋಲು. 73ರಲ್ಲಿ ಮತ್ತೆ ವಿಟ್ಟೆಕ್. ಇಟಲಿ ಒಂದು ವಾಪಸ್ ಮಾಡಿತು. ಕಡೆಯಲ್ಲಿ ಕೊಪೂನೆಕ್ ಬದಲಿಯಾಗಿ ಒಳಗೆ ಬಂದ. ಒಂದು ಥ್ರೋ ಇನ್ ಬಂತು, ಇಟಲಿಯವರು ನೋಡುತ್ತಾ ನಿಂತರು, ಇವನು ನುಗ್ಗಿ ಗೋಲ್‌ಕೀಪರ್ ತಲೆ ಮೇಲಿಂದ ಎತ್ತಿ ಹಾಕಿದ. 3-1. ಕ್ವಾಲ್ಯಾರೆಲ್ಲಾ ದೂರದಿಂದ ಅದ್ಭುತ ಗೋಲು ಹೊಡೆದು 3-2 ಮಾಡಿದ. ಅಲ್ಲಿಗೆ ಮುಗಿಯಿತು. ಇಟಲಿ ಗುಂಪಿನ ಕೊನೆಯ ಸ್ಥಾನದಲ್ಲಿ ಮನೆಗೆ.

ಮುಂದಿನ ಸುತ್ತಿನಲ್ಲಿ ನೆದರ್‌ಲ್ಯಾಂಡ್ಸ್ ವಿರುದ್ಧ 1-2. ಆ ನೆದರ್‌ಲ್ಯಾಂಡ್ಸ್ ಫೈನಲ್‌ವರೆಗೆ ಹೋಯಿತು. ವಿಟ್ಟೆಕ್ ಒಟ್ಟು 4 ಗೋಲು. ಐವತ್ತೈದು ಲಕ್ಷ ಜನಸಂಖ್ಯೆಯ ದೇಶ. ನಮ್ಮ ಬೆಂಗಳೂರಿನ ಅರ್ಧಕ್ಕಿಂತ ಕಡಿಮೆ ಜನ!

ಧಾರವಾಡ_ಸ್ಟ್ರೈಕರ್

ಆ ಪಂದ್ಯ ನಾನೂ ನೋಡಿದ್ದೇನೆ, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಮುಂದಿನದನ್ನೂ ಸೇರಿಸಿ. 2012ರ ಯೂರೋ ಅರ್ಹತಾ ಸುತ್ತು. ಮಾಸ್ಕೋದಲ್ಲಿ ರಷ್ಯಾವನ್ನು 1-0 ಸೋಲಿಸಿದರು, ಒಳ್ಳೆಯದು. ಅದಾದ ಮೇಲೆ ಅರ್ಮೇನಿಯಾ ವಿರುದ್ಧ ಅಲ್ಲಿ 1-3, ಇಲ್ಲಿ ಝಿಲಿನಾದಲ್ಲಿ 0-4! ಗುಂಪಿನಲ್ಲಿ ನಾಲ್ಕನೇ ಸ್ಥಾನ. ಹೆಚ್ಚುಕಮ್ಮಿ ಅದೇ ಹಮ್ಶಿಕ್, ಸ್ಕರ್ಟೆಲ್ ಇದ್ದ ತಂಡ. 2012ರ ಶುರುವಿನಲ್ಲಿ ವೈಸ್ ಹೊರಬಂದರು.

ನನ್ನ ವಾದ ಇಷ್ಟೇ. ಇವರು ತಂಡವನ್ನು ಒಂದು ದೊಡ್ಡ ರಾತ್ರಿಗೆ ಹುರಿದುಂಬಿಸುತ್ತಾರೆ. ವರ್ಷಗಟ್ಟಲೆ ಒಂದೇ ಮಟ್ಟದಲ್ಲಿ ಆಡಿಸುವುದು ಬೇರೆ ವಿದ್ಯೆ.

ವಿಯೆನ್ನಾ_ಕನ್ನಡಿಗ

ನಾನು ವಿಯೆನ್ನಾದಲ್ಲಿ ಇದ್ದೇನೆ, ಬ್ರಾಟಿಸ್ಲಾವಾಕ್ಕೆ ರೈಲಿನಲ್ಲಿ ಒಂದು ಗಂಟೆಯ ದಾರಿ. ಸ್ಲೊವಾನ್ ಪಂದ್ಯಗಳಿಗೆ ಆಗಾಗ ಹೋಗುತ್ತೇನೆ. ಹಾಗಾಗಿ ಎರಡು ಮಾತು.

ಒಂದು, ಆರ್ಟ್‌ಮೀಡಿಯಾ ಏನಾಯಿತು ಅನ್ನುವುದು. ವೈಸ್ 2006ರಲ್ಲಿ ರಷ್ಯಾದ ಸಾಟರ್ನ್‌ಗೆ ಹೋಗಿ, ಮತ್ತೆ ವಾಪಸ್ ಬಂದು, 2008ರಲ್ಲಿ ಲೀಗ್ ಮತ್ತು ಕಪ್ ಎರಡನ್ನೂ ಗೆದ್ದುಕೊಟ್ಟರು. ಅವರು ರಾಷ್ಟ್ರೀಯ ತಂಡಕ್ಕೆ ಹೋದ ಮೇಲೆ ಪ್ರಾಯೋಜಕರೂ ಹೋದರು, ಹೆಸರೂ ಬದಲಾಯಿತು. 2010ರಲ್ಲಿ ಕ್ಲಬ್ ಮೇಲಿನ ಲೀಗ್‌ನಿಂದಲೇ ಕೆಳಗೆ ಬಿತ್ತು. ಚಾಂಪಿಯನ್ಸ್ ಲೀಗ್‌ನಲ್ಲಿ ಪೋರ್ಟೊವನ್ನು ಹಿಂದಿಕ್ಕಿ ಐದು ವರ್ಷ ಕೂಡ ಆಗಿರಲಿಲ್ಲ. ಧಾರವಾಡ ಅವರೇ, ವರ್ಷಗಟ್ಟಲೆ ಕಟ್ಟುವ ವಿದ್ಯೆ ಅಂದಿರಿ. ಕೋಚ್ ಕಟ್ಟಬಹುದು, ಕೆಳಗೆ ನೆಲ ಇರಬೇಕಲ್ಲ. ಇವರ ಒಳ್ಳೆಯ ಆಟಗಾರರು ಆರು ತಿಂಗಳಲ್ಲಿ ಮಾರಾಟವಾಗುತ್ತಿದ್ದರು. ಸೆಲ್ಟಿಕ್ ಪಂದ್ಯದ ಡಿಫೆಂಡರ್ ದುರಿಟ್ಸಾ ಮುಂದಿನ ವರ್ಷ ರಷ್ಯಾದಲ್ಲಿ ಇದ್ದ.

ಎರಡು, ಸ್ಲೊವಾನ್. ಹಳೇ ತೆಹೆಲ್ನೆ ಪೋಲೆಯನ್ನು ಕೆಡವಿ ಅದೇ ಜಾಗದಲ್ಲಿ ಹೊಸ ರಾಷ್ಟ್ರೀಯ ಸ್ಟೇಡಿಯಂ ಕಟ್ಟಿ 2019ರಲ್ಲಿ ತೆರೆದರು. 22 ಸಾವಿರ ಜನ ಕೂರಬಹುದು. ಲೀಗ್ ಪಂದ್ಯಗಳಿಗೆ ಅರ್ಧವೂ ತುಂಬುವುದಿಲ್ಲ. ಬೇರೆ ಕ್ಲಬ್‌ಗಳಿಗೂ ಸ್ಲೊವಾನ್‌ಗೂ ಅಂತರ ಅಷ್ಟಿದೆ, ಜನಕ್ಕೆ ಫಲಿತಾಂಶ ಮೊದಲೇ ಗೊತ್ತಿರುವ ಹಾಗೆ. ವಾರವಾರ ಸುಲಭವಾಗಿ ಗೆಲ್ಲುವ ತಂಡ ಮಂಗಳವಾರ ರಾತ್ರಿ ಇದ್ದಕ್ಕಿದ್ದಂತೆ ಸಿಟಿ ಎದುರು ನಿಲ್ಲಬೇಕು. ಲೀಗ್‌ನಲ್ಲಿ ಚೆಂಡು ಇವರ ಕಾಲಲ್ಲೇ ಇರುತ್ತದೆ. ಅಲ್ಲಿ ಚೆಂಡೇ ಸಿಗುವುದಿಲ್ಲ. ಬೇಸಿಗೆ ಬಾವಿಯಲ್ಲಿ ಈಜು ಕಲಿತವನನ್ನು ಮಳೆಗಾಲದ ಕಾವೇರಿಗೆ ಇಳಿಸಿದ ಹಾಗೆ.

ಅಲ್ಲಿಗೆ ತಲುಪುವುದೂ ಸುಮ್ನೆ ಆಗಲಿಲ್ಲ. ಸ್ಟ್ರುಗಾ, ಸೆಲ್ಯೆ, ಅಪೊಯೆಲ್, ಮಿಡ್‌ಚುಲಾನ್ ಹೀಗೆ ನಾಲ್ಕು ಸುತ್ತು, ಎಂಟು ಪಂದ್ಯ ದಾಟಿ ಬಂದರು. ಮಿಡ್‌ಚುಲಾನ್ ವಿರುದ್ಧ 3-2 ಗೆದ್ದ ರಾತ್ರಿ ಆ ಸ್ಟೇಡಿಯಂ ತುಂಬಿತ್ತು. ಸ್ಲೊವಾಕಿಯಾಕ್ಕೆ ಹದಿನಾಲ್ಕು ವರ್ಷದ ಮೇಲೆ ಚಾಂಪಿಯನ್ಸ್ ಲೀಗ್.

ಮೈದಾನದಂಚು

ವಿಯೆನ್ನಾದವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. 2005ಕ್ಕೂ 2024ಕ್ಕೂ ನಡುವೆ ಯುರೋಪಿನಲ್ಲಿ ದುಡ್ಡಿನ ಅಂತರ ಬೇರೆಯೇ ಆಗಿದೆ. 2005ರ ಪೋರ್ಟೊಗೂ ಆರ್ಟ್‌ಮೀಡಿಯಾಕ್ಕೂ ಇದ್ದ ದೂರಕ್ಕಿಂತ ಇವತ್ತಿನ ಬಯರ್ನ್‌ಗೂ ಸ್ಲೊವಾನ್‌ಗೂ ಇರುವ ದೂರ ಎಷ್ಟೋ ಜಾಸ್ತಿ. ಹಾಗಿದ್ದೂ ಮಿಲಾನ್ ವಿರುದ್ಧ 2-3, ಮ್ಯೂನಿಕ್‌ನಲ್ಲಿ ಬಯರ್ನ್ ವಿರುದ್ಧ 1-3. ಮಾನ ಹೋಗುವ ಸೋಲುಗಳಲ್ಲ.

ಕುಮಟಾ_ಗೋಲಿ

ಜಾರ್ಜಿಯಾ ಭಾಗ ಯಾರಾದರೂ ಹೇಳಿ. ನನಗೆ ವಿಂಗರ್ ಕ್ವಾರತ್ಸ್‌ಖೆಲಿಯಾ ಬಂದ ಮೇಲಿನ ಜಾರ್ಜಿಯಾ ಮಾತ್ರ ಗೊತ್ತು.

ಸುಜಾತಾ_ಕೆ

ಕ್ವಾರತ್ಸ್‌ಖೆಲಿಯಾಗೆ ರಾಷ್ಟ್ರೀಯ ತಂಡದಲ್ಲಿ ಮೊದಲ ಅವಕಾಶ ಕೊಟ್ಟದ್ದೇ ವೈಸ್. 2019ರಲ್ಲಿ, ಅವನಿಗೆ ಆಗ 18 ವರ್ಷ.

2016ರಲ್ಲಿ ವೈಸ್ ಜಾರ್ಜಿಯಾಕ್ಕೆ ಬಂದರು. ಬಂದ ಕೆಲವೇ ತಿಂಗಳಲ್ಲಿ ಸ್ಪೇನ್ ಅನ್ನು ಸ್ಪೇನ್‌ನಲ್ಲೇ 1-0 ಸೋಲಿಸಿದರು. ಯೂರೋಗೆ ಹೊರಡುವ ಮೊದಲು ಸ್ಪೇನ್ ಆಡಿದ ಕೊನೆಯ ಅಭ್ಯಾಸ ಪಂದ್ಯ ಅದು. ನಂತರ 2018ರ ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ ಹತ್ತು ಪಂದ್ಯದಲ್ಲಿ ಒಂದೂ ಗೆಲುವಿಲ್ಲ, ಐದು ಡ್ರಾ. ಇದು ಧಾರವಾಡ ಅವರ ವಾದಕ್ಕೆ ಬಲ ಕೊಡುತ್ತದೆ, ಒಪ್ಪುತ್ತೇನೆ. ಆದರೆ ಮುಂದೆ ನೋಡಿ. ಯುರೋಪಿನ ದೇಶಗಳ ಮೊದಲ ನೇಷನ್ಸ್ ಲೀಗ್‌ನಲ್ಲಿ ಕಝಾಕಿಸ್ತಾನ್, ಲಾಟ್ವಿಯಾ, ಅಂಡೋರಾ ಇದ್ದ ಗುಂಪಿನಲ್ಲಿ ಆರರಲ್ಲಿ ಐದು ಗೆದ್ದು ಮೊದಲ ಸ್ಥಾನ. ಅದರಿಂದ ಯೂರೋ 2020ರ ಪ್ಲೇಆಫ್‌ಗೆ ದಾರಿ. ಬೆಲಾರುಸ್ ವಿರುದ್ಧ 1-0 ಗೆಲುವು. ಇನ್ನೊಂದು ಪಂದ್ಯ ಗೆದ್ದರೆ ಜಾರ್ಜಿಯಾ ಮೊದಲ ಸಲ ದೊಡ್ಡ ಟೂರ್ನಿಗೆ.

2020ರ ನವೆಂಬರ್, ತಿಬಿಲಿಸಿ, ಕೋವಿಡ್ ಕಾಲ, ಖಾಲಿ ಸ್ಟೇಡಿಯಂ. ಎದುರಿಗೆ ಉತ್ತರ ಮ್ಯಾಸಿಡೋನಿಯಾ. 37 ವರ್ಷದ ಗೊರಾನ್ ಪಾಂಡೆವ್ ಒಂದು ಗೋಲು ಹೊಡೆದ. 0-1. ಅಷ್ಟೇ.

ಮೂರೂವರೆ ವರ್ಷದ ಮೇಲೆ ಅದೇ ತಿಬಿಲಿಸಿಯಲ್ಲಿ, ತುಂಬಿದ ಸ್ಟೇಡಿಯಂನಲ್ಲಿ, ವಿಲ್ಲಿ ಸಾನ್ಯೊಲ್ ಅವರ ಜಾರ್ಜಿಯಾ ಪೆನಾಲ್ಟಿಯಲ್ಲಿ ಗ್ರೀಸ್ ಅನ್ನು ಸೋಲಿಸಿ ಯೂರೋ 2024ಕ್ಕೆ ಹೋಯಿತು. ಸಾನ್ಯೊಲ್‌ಗೆ ಸಲ್ಲಬೇಕಾದದ್ದು ಸಲ್ಲಲಿ. ಆದರೆ ನೇಷನ್ಸ್ ಲೀಗ್ ಮೂಲಕ ಪ್ಲೇಆಫ್‌ಗೆ ಹೋಗುವ ಅದೇ ದಾರಿಯಲ್ಲಿ ವೈಸ್ ಮೊದಲು ನಡೆದಿದ್ದರು. ಆ ತಂಡದ ಹಲವರು ಅವರ ಕೈಯಲ್ಲಿ ಆಡಿದವರೇ.

ಕೋಲಾರ_ನಂ10

ಕೈರಾತ್ ವಿಷಯ ಯಾರೂ ಪೂರ್ತಿ ಹೇಳಲಿಲ್ಲ. ಮೊದಲ ಸುತ್ತಿನಲ್ಲಿ ಆರ್ಟ್‌ಮೀಡಿಯಾವನ್ನು ಇನ್ನೇನು ಮುಗಿಸಿಬಿಟ್ಟಿತ್ತಲ್ಲ, ಅದೇ ಅಲ್ಮಾಟಿಯ ಕೈರಾತ್‌ಗೆ ವೈಸ್ 2012ರ ಕೊನೆಗೆ ಕೋಚ್ ಆಗಿ ಹೋದರು. 2014 ಮತ್ತು 2015ರಲ್ಲಿ ಕಝಾಕಿಸ್ತಾನ್ ಕಪ್ ಗೆದ್ದರು. 2015ರ ಯುರೋಪಾ ಲೀಗ್‌ನಲ್ಲಿ ರೆಡ್ ಸ್ಟಾರ್ ಬೆಲ್‌ಗ್ರೇಡ್, ಅಬರ್ಡೀನ್ ಎರಡನ್ನೂ ಹೊರಗೆ ಹಾಕಿದರು. ಬೋರ್ಡೋ ವಿರುದ್ಧ ಒಟ್ಟು 2-2 ಆಗಿ, ಆಗಿದ್ದ ಹೊರಗಿನ ಗೋಲಿನ ನಿಯಮದಿಂದ (ಒಟ್ಟು ಸಮವಾದರೆ ಎದುರಾಳಿಯ ಮೈದಾನದಲ್ಲಿ ಹೆಚ್ಚು ಗೋಲು ಹೊಡೆದವರು ಮುಂದೆ) ಹೊರಬಿದ್ದರು.

ಇನ್ನು 2025ರ ಆಗಸ್ಟ್. ಸ್ಲೊವಾನ್ ಮತ್ತೆ ಚಾಂಪಿಯನ್ಸ್ ಲೀಗ್ ಕ್ವಾಲಿಫೈಯರ್‌ನಲ್ಲಿ. ಎದುರಿಗೆ ಅದೇ ಕೈರಾತ್! ಪೆನಾಲ್ಟಿ ಶೂಟೌಟ್‌ನಲ್ಲಿ ಕೈರಾತ್ ಗೆದ್ದಿತು. ಮುಂದಿನ ಸುತ್ತಿನಲ್ಲಿ ಕೈರಾತ್ ಯಾರನ್ನು ಸೋಲಿಸಿತು ಗೊತ್ತೇ? ಸೆಲ್ಟಿಕ್ ಅನ್ನು, ಅದೂ ಪೆನಾಲ್ಟಿಯಲ್ಲೇ.

ಧಾರವಾಡ_ಸ್ಟ್ರೈಕರ್

ಇದು ನನಗೆ ಹೊಸದು ಸರ್, ಧನ್ಯವಾದ.

ಹಾಗಾದರೆ ನನ್ನ ಅಭಿಪ್ರಾಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ವೈಸ್ ದೊಡ್ಡ ಕೋಚ್ ಅನ್ನುವುದಕ್ಕೆ ನನ್ನ ತಕರಾರಿಲ್ಲ. 2022ರಿಂದ 2025ರವರೆಗೆ ಸತತ ನಾಲ್ಕು ಲೀಗ್ ಕೂಡ ಲೆಕ್ಕಕ್ಕೆ ಬರುತ್ತದೆ, ಯಾಕೆಂದರೆ ಗೆಲ್ಲಲೇಬೇಕಾದ ತಂಡವನ್ನು ಗೆಲ್ಲಿಸುವ ಒತ್ತಡ ಬೇರೆ ಥರದ್ದು. 2023ರಲ್ಲಿ ಯುರೋಪಿನ ಮೂರನೇ ದರ್ಜೆಯ ಟೂರ್ನಿ ಕಾನ್ಫರೆನ್ಸ್ ಲೀಗ್‌ನ ಕೊನೆಯ ಹದಿನಾರಕ್ಕೂ ಹೋದರು, ಬಾಸೆಲ್ ವಿರುದ್ಧ ಎರಡೂ ಪಂದ್ಯ 2-2 ಆಗಿ ಪೆನಾಲ್ಟಿಯಲ್ಲಿ ಸೋತರು. ಅದು ಅವರ ಮಟ್ಟಕ್ಕೆ ಸರಿಯಾದ ಟೂರ್ನಿ, ಅಲ್ಲಿ ಚೆನ್ನಾಗಿಯೇ ಆಡಿದರು.

ನನ್ನ ತಕರಾರು 2024ರ ಆ ಎಂಟು ಪಂದ್ಯಗಳ ಬಗ್ಗೆ ಮಾತ್ರ. ಪಾರ್ಟಿಜಾನ್ ವಿರುದ್ಧ ಎರಡು 0-0, ರೇಂಜರ್ಸ್ ಮನೆಯಲ್ಲಿ 0-0, ಪೋರ್ಟೊ ವಿರುದ್ಧ 0-0. ಬಾಗಿಲು ಮುಚ್ಚಿ, ಅಂದರೆ ಹಿಂದೆ ನಿಂತು ಗೋಲು ಬಿಡದ ಹಾಗೆ, ಆಡುವುದು 2005ರ ವೈಸ್‌ಗೆ ಗೊತ್ತಿತ್ತು. 2024ರಲ್ಲಿ ಎಂಟರಲ್ಲಿ ಒಂದು ಪಂದ್ಯವನ್ನೂ ಹಾಗೆ ಆಡಲಿಲ್ಲ.

ವಿಯೆನ್ನಾ_ಕನ್ನಡಿಗ

ಅದಕ್ಕೆ ಕಾರಣ ಆಟಗಾರರು ಅನ್ನಿಸುತ್ತದೆ. 2005ರಲ್ಲಿ ಅವರ ಬಳಿ ಇಡೀ ದಿನ ಓಡುವ, ಪರಸ್ಪರ ವರ್ಷಗಳಿಂದ ಗೊತ್ತಿದ್ದ ಹುಡುಗರಿದ್ದರು. 2024ರ ಸ್ಲೊವಾನ್‌ನಲ್ಲಿ ಕುಟ್ಸ್‌ಕಾ ಇದ್ದ, ಇಟಲಿಯನ್ನು ಸೋಲಿಸಿದ ದಿನ ಮಿಡ್‌ಫೀಲ್ಡ್‌ನಲ್ಲಿ ಆಡಿದವನೇ. ಆಗ ವಯಸ್ಸು 37. ಮಗ ವೈಸ್‌ಗೆ ಸುಮಾರು 35. ಮುಂದೆ ಬರ್ಸೆಗ್ಯಾನ್, ಸ್ಟ್ರೆಲೆಟ್ಸ್ ಚುರುಕಾಗಿದ್ದರು. ಆ ತಂಡದ ಶಕ್ತಿ ಇದ್ದದ್ದು ಚೆಂಡು ಕಾಲಲ್ಲಿದ್ದಾಗ. ತೊಂಬತ್ತು ನಿಮಿಷ ಹಿಂದೆ ಕೂರಿಸಿದರೆ ಎಪ್ಪತ್ತನೇ ನಿಮಿಷಕ್ಕೆ ಕಾಲು ಸೋಲುತ್ತಿತ್ತು.

ಧಾರವಾಡ_ಸ್ಟ್ರೈಕರ್

ಇರಬಹುದು. ಆದರೆ ಯಾರನ್ನು ಆಡಿಸಬೇಕು ಅನ್ನುವುದು ಕೂಡ ಕೋಚ್‌ನ ಕೆಲಸವೇ. ಝಾಗ್ರೆಬ್ ಪಂದ್ಯವನ್ನು ಪೂರ್ತಿ ಮತ್ತೆ ನೋಡುತ್ತೇನೆ, ಗೋಲುಗಳು ಎಲ್ಲಿಂದ ಬಂದವು ಅಂತ ಬರೆಯುತ್ತೇನೆ. ಪೋರ್ಟೊದ 3-2 ಪಂದ್ಯ ಎಲ್ಲಾದರೂ ಪೂರ್ತಿ ಸಿಗುತ್ತದೆಯೇ? ಮುಖ್ಯಾಂಶಗಳು ಮಾತ್ರ ನೋಡಿದ್ದೇನೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ವಿಯೆನ್ನಾದವರ ಮಾತು ಸರಿಯೋ ನನ್ನದು ಸರಿಯೋ ಗೊತ್ತಾಗುತ್ತದೆ.

ಮೈದಾನದಂಚು

ಪೋರ್ಟೊ ಪಂದ್ಯ ಸಿಕ್ಕರೆ ಎರಡನೇ ಅರ್ಧವನ್ನು ನಿಧಾನವಾಗಿ ನೋಡಿ. ಸಮ ಮಾಡಿದ ಮೇಲೂ ಬೊರ್ಬೆಲಿ ಮತ್ತೆ ಮತ್ತೆ ಮುಂದೆ ಬಂದು ಹೊಡೆಯುತ್ತಾನೆ. ಹೊರಗಿನ ಮೈದಾನ, ಎದುರಿಗೆ ಪೋರ್ಟೊ, ಒಂದು ಪಾಯಿಂಟ್ ಕೈಯಲ್ಲಿದೆ. ಬಾಗಿಲು ಮುಚ್ಚಬಹುದಿತ್ತು, ಮುಚ್ಚಲಿಲ್ಲ. ನಿಮ್ಮ ವಾದಕ್ಕೆ ನನ್ನ ಉತ್ತರ ಅಲ್ಲಿದೆ. ನೋಡಿ ಬರೆಯಿರಿ.